ಕಾರ್ಟೂನಿನೊಳಗೆ ಕಾಲಿಡಬೇಕೆಂದರೆ ಮೊದಲು ಝರಣಿಗೆ ಹೋಗಿಬನ್ನಿ

ಅನಿಮೇಷನ್ ಸರಣಿಯ ಅಭಿಮಾನಿ ಮಳಿಗೆಗೆ ಎಲ್‌ಇಡಿ ಪರದೆ ಬೇಡ. ಟೋಕಿಯೊದಲ್ಲಿ ಪ್ರದರ್ಶನ ಮಳಿಗೆ ಕಟ್ಟುವ ಕೆಲಸದಲ್ಲಿರುವ ಬೀದರಿನವನು ನಾನು. ಎರಡೂ ಕಡೆ ಕಂಡದ್ದನ್ನು ತೂಗಿ ನೋಡಿಯೇ ಈ ಮಾತು ಹೇಳುತ್ತಿದ್ದೇನೆ.

ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದುವ ಅಕ್ಕನ ಮಗ ತನ್ನ ಕಾಲೇಜು ಹಬ್ಬಕ್ಕೆ ಗೆಳೆಯರ ಜತೆ ಇಂಥದೊಂದು ಮಳಿಗೆ ಹಾಕುತ್ತಿದ್ದಾನೆ. ಅವನು ಕಳಿಸಿದ ನಕ್ಷೆಯಲ್ಲಿ ಹಿಂದೊಂದು ದೊಡ್ಡ ಪರದೆ, ಅಕ್ಕಪಕ್ಕ ನಾಯಕ ನಾಯಕಿಯರ ಫ್ಲೆಕ್ಸ್ ಕಟೌಟ್, ನಡುವೆ ಸೆಲ್ಫಿಗೊಂದು ಚೌಕಟ್ಟು. “ಮಾಮಾ, ಇಷ್ಟ ಹಾಕಿದ್ರ ಸಾಕಲ್ರಿ?” ಅಂದ. “ಸಾಲಂಗಿಲ್ಲ ತಮ್ಮಾ, ಇದು ಮದಿವಿ ಸ್ಟೇಜ್ ಆಗ್ತದ” ಅಂದೆ. ಬಂದವರು ಎದುರಿಗೆ ನಿಂತು ಫೋಟೊ ತೆಗೆಸಿಕೊಂಡು ಹೋಗುತ್ತಾರೆ, ಆ ಲೋಕದ ಒಳಗೆ ಯಾರೂ ಹೋಗುವುದಿಲ್ಲ.

ಹಾಗೆಂದು ಟೋಕಿಯೊದ್ದೆಲ್ಲ ಮಾದರಿಯಲ್ಲ. ಅರಿಯಾಕೆಯ ಬಿಗ್ ಸೈಟ್ ಸಭಾಂಗಣದಲ್ಲಿ 2014ರಿಂದ ನಡೆಯುತ್ತಿರುವ ಅನಿಮೆ ಜಪಾನ್ ಮೇಳದಲ್ಲೂ ಪರದೆಗಳದೇ ಪೈಪೋಟಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಕಾಮಿಕೆಟ್. 1975ರಲ್ಲಿ 32 ಗುಂಪು, ಸುಮಾರು 700 ಜನರಿಂದ ಶುರುವಾದ, ಕಾಮಿಕ್ಸ್ ಅಭಿಮಾನಿಗಳದೇ ಸಂತೆ ಅದು. ಅಲ್ಲಿ ಒಂದು ಗುಂಪಿಗೆ ಸಿಗುವುದು ಅರ್ಧ ಮೇಜು: 90 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಆಳ, ಎರಡು ಕುರ್ಚಿ. ಅಷ್ಟರಲ್ಲೇ ಬಟ್ಟೆ ಹಾಸಿ, ಕೈಬರಹದ ಬೆಲೆಪಟ್ಟಿ ಇಟ್ಟು, ತಾವೇ ಬರೆದ ಪುಸ್ತಕ ಜೋಡಿಸಿ ಒಂದು ಲೋಕ ಕಟ್ಟುತ್ತಾರೆ. ಸಾಲಿನ ಕೊನೆಯಲ್ಲಿ ನಿಂತವನ ಕೈಯಲ್ಲಿ “ಸಾಲಿನ ಕೊನೆ ಇಲ್ಲಿದೆ” ಎಂಬ ಹಲಗೆ. ಹೊಸಬ ಬಂದೊಡನೆ ಹಲಗೆ ಅವನ ಕೈಗೆ. ಕಾಯುವವನಿಗೂ ಒಂದು ಕೆಲಸ, ಒಂದು ಪಾಲು. ಕಾಸು ಖರ್ಚಿಲ್ಲದ ಈ ಪದ್ಧತಿಯನ್ನು ಕಲಬುರಗಿಯ ಹುಡುಗರು ಹಾಗೇ ಎತ್ತಿಕೊಳ್ಳಲಿ.

ಇನ್ನೊಂದು ಪಾಠ ಮಿತಾಕದಲ್ಲಿರುವ, ಅನಿಮೇಷನ್ ಚಿತ್ರ ಮಾಡುವ ಘಿಬ್ಲಿ ಸ್ಟುಡಿಯೊದ ಮ್ಯೂಸಿಯಂದು. 2001ರಲ್ಲಿ ತೆರೆದ ಆ ಕಟ್ಟಡದೊಳಗೆ ಫೋಟೊ ತೆಗೆಯುವಂತಿಲ್ಲ, ಇದೇ ದಾರಿಯಲ್ಲಿ ಹೋಗಿ ಎಂಬ ಬಾಣದ ಗುರುತೂ ಇಲ್ಲ. ಒಂದು ಕೋಣೆಯಲ್ಲಿ ಪುಟ್ಟ ಬೊಂಬೆಗಳ ದೊಡ್ಡ ಚಕ್ರ ತಿರುಗುತ್ತದೆ. ಒಂದೊಂದು ಬೊಂಬೆಯ ಭಂಗಿಯೂ ಹಿಂದಿನದಕ್ಕಿಂತ ತುಸು ಬೇರೆ. ದೀಪ ಮಿಟುಕಿದಾಗ ಅವು ಕುಣಿಯತೊಡಗುತ್ತವೆ. ಅದರ ಮುಂದೆ ದೊಡ್ಡವರೂ ಮಕ್ಕಳಂತೆ ಉಸಿರು ಬಿಗಿಹಿಡಿದು ನಿಲ್ಲುವುದನ್ನು ಕಂಡಿದ್ದೇನೆ. ಅನಿಮೇಷನ್ನಿನ ಜೀವ ಇರುವುದೇ ಅಲ್ಲಿ. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟು (ಫ್ರೇಮ್), ಒಂದೊಂದು ಚಿತ್ರವನ್ನು ಎರಡು ಚೌಕಟ್ಟು ಹಿಡಿದರೆ 12 ಚಿತ್ರ. ಹನ್ನೆರಡು ಸೀಳುಗಳ ತಗಡಿನ ಡಬ್ಬಿ ಮಾಡಿ, ಒಳಗೆ ಹನ್ನೆರಡು ಚಿತ್ರಗಳ ಪಟ್ಟಿ ಅಂಟಿಸಿ, ಕೈಯಿಂದ ತಿರುಗಿಸಿ ಸೀಳುಗಳ ಮೂಲಕ ನೋಡಲು ಬಿಡಿ. ಕಲಬುರಗಿಯ ಯಾವ ವೆಲ್ಡಿಂಗ್ ಅಂಗಡಿಯವರೂ ಇದನ್ನು ಮಾಡಿಕೊಡುತ್ತಾರೆ. ಹುಡುಗಿಯೊಬ್ಬಳು ತಾನೇ ಡಬ್ಬಿ ತಿರುಗಿಸಿ ತನ್ನ ಮೆಚ್ಚಿನ ಪಾತ್ರವನ್ನು ಓಡಿಸಿದರೆ ಅದಕ್ಕೆ ಯಾವ ಪರದೆಯೂ ಸಮವಲ್ಲ.

ಆದರೆ ಒಳಗೆ ಹೋಗುವುದು ಎಂದರೇನು ಎಂಬುದನ್ನು ನನಗೆ ಕಲಿಸಿದ್ದು ಜಪಾನ್ ಅಲ್ಲ, ಬೀದರಿನ ಝರಣಿ ನರಸಿಂಹನ ಗುಹಾ ದೇವಾಲಯ. ಚಪ್ಪಲಿ, ಚೀಲ ಹೊರಗಿಟ್ಟು ನೀರಿಗಿಳಿಯಬೇಕು. ಗುಡ್ಡದೊಳಗೆ ಸುಮಾರು 300 ಮೀಟರ್ ಸುರಂಗ. ನೀರು ಸೊಂಟಕ್ಕೆ, ಕೆಲವೆಡೆ ಎದೆಗೆ. ಮಕ್ಕಳು ಅಪ್ಪಂದಿರ ಹೆಗಲ ಮೇಲೆ, ತಲೆಯ ಮೇಲೆ ಬಾವಲಿ, ಮುಂದೆ ಹೋದವರ ಕೂಗು ಗೋಡೆಗೆ ಬಡಿದು ವಾಪಸು ಬರುತ್ತದೆ. ಕೊನೆಗೆ ಸಿಗುವ ಗರ್ಭಗುಡಿ ತೀರ ಇಕ್ಕಟ್ಟು, ಕೆಲವೇ ಜನ ನಿಲ್ಲಬಹುದು. ಅಲ್ಲಿ ನಿಂತಾಗ ಹೊರಗಿನ ಬಿಸಿಲು, ಅಂಗಡಿ, ಫೋನು ಯಾವುದೂ ನೆನಪಿರುವುದಿಲ್ಲ, ಯಾಕೆಂದರೆ ಮೈ ಅಷ್ಟರಲ್ಲೇ ಬದಲಾಗಿದೆ. ದೇವರ ಜಾಗವನ್ನು ಮಳಿಗೆಗೆ ಎಳೆದು ತನ್ನಿ ಎನ್ನುತ್ತಿಲ್ಲ. ಆ ನಡಿಗೆಯ ಕ್ರಮ ನೋಡಿ ಕಲಿಯಿರಿ: ಮೊದಲು ಏನಾದರೂ ಬಿಟ್ಟುಕೊಡಬೇಕು, ಆಮೇಲೆ ಕಾಲಿಗೆ ಬೇರೆ ನೆಲ ಸಿಗಬೇಕು, ಕಣ್ಣು ಕತ್ತಲೆಗೆ ಒಗ್ಗಬೇಕು, ದರ್ಶನ ಕೊನೆಗೆ.

ಮೇಳಗಳಲ್ಲಿ ಸಾಮಾನ್ಯವಾಗಿ ಸಿಗುವ ಮಳಿಗೆ 3 ಮೀಟರ್‌ಗೆ 3 ಮೀಟರ್. ಎರಡನ್ನು ಕೂಡಿಸಿ 6 ಮೀಟರ್ ಉದ್ದ ಮಾಡಿಕೊಳ್ಳಿ. ಬಾಗಿಲಲ್ಲಿ ಮೊಬೈಲ್ ಇಡಲು ನಂಬರು ಹಾಕಿದ ಬಟ್ಟೆಯ ಜೇಬುಗಳು. ಒಳಗೆ ಒಂದು ತಿರುವು ಇರುವ ಓಣಿ, ಗಾಲಿಕುರ್ಚಿ ಸಲೀಸಾಗಿ ಹೋಗುವಷ್ಟು, ಅಂದರೆ 1.2 ಮೀಟರ್ ಅಗಲ. ನೆಲ ಎತ್ತರಿಸಿದರೆ ಇಳಿಜಾರು ಕಡ್ಡಾಯ. ತಿರುವಿನಿಂದ ಹೊರಗಿನ ಬೆಳಕು ನಿಲ್ಲುತ್ತದೆ, ಸದ್ದೂ ತುಸು ತಗ್ಗುತ್ತದೆ. ಕಪ್ಪು ಬಟ್ಟೆ ಬೆಂಕಿ ತಾಳುವಂಥದ್ದೇ ಇರಲಿ, ಹೊರಗೆ ಹೋಗಲು ಬೇರೆ ಬಾಗಿಲು ಇರಲಿ. ಇವೆರಡರಲ್ಲಿ ರಾಜಿ ಬೇಡ. ಒಮ್ಮೆಗೆ ಹತ್ತು ಜನ, ತಲಾ ನಾಲ್ಕು ನಿಮಿಷ ಅಂದರೆ ಗಂಟೆಗೆ 150 ಜನ ಒಳಹೋಗಿ ಬರುತ್ತಾರೆ. ಕಾಲೇಜು ಹಬ್ಬಕ್ಕೆ ಸಾಕು.

ಒಳಗಿನ ಮೇಜು, ಕುರ್ಚಿ, ಹೂಜಿಗಳಿಗೆಲ್ಲ ಚಪ್ಪಟೆ ಬಣ್ಣ ಬಳಿದು ಅಂಚಿಗೆ ದಪ್ಪ ಕಪ್ಪು ಗೆರೆ ಎಳೆದರೆ ನಿಜವಾದ ವಸ್ತುವೇ ಬರೆದ ಚಿತ್ರದಂತೆ ಕಾಣುತ್ತದೆ. ಗೆರೆಯ ವಿಷಯ ಬಂದರೆ ನಮ್ಮ ಬಿದರಿ ಕಲೆಯವರನ್ನು ಬಿಟ್ಟು ಯಾರನ್ನು ಕೇಳಬೇಕು? ಸತು, ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣು, ನವಸಾಗರ ಹಾಕಿ ಕಾಯಿಸಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತ ಉಳಿಯುತ್ತದೆ. ಆ ಓಣಿಯ ಕಪ್ಪು ಗೋಡೆಯ ಮೇಲೆ ಬಿಳಿ ಗೆರೆಯಲ್ಲಿ ಸರಣಿಯ ಊರನ್ನು ಬರೆಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ವೇಷದ ವಿಷಯಕ್ಕಂತೂ ಟೋಕಿಯೊದ ಕಡೆ ನೋಡುವ ಅಗತ್ಯವೇ ಇಲ್ಲ. ಟೋಕಿಯೊದಲ್ಲಿ ವೇಷ ಹಾಕಿದವರಿಗೆ ಬೇರೆಯೇ ಜಾಗ, ಫೋಟೊಗೆ ಬೇರೆಯೇ ಸಾಲು. ನಮ್ಮ ಹಳ್ಳಿಗಳ ಮೊಹರಂನಲ್ಲಿ ಹುಲಿವೇಷ ಹಾಕಿದವನು ಜನರ ನಡುವೆಯೇ ಕುಣಿಯುತ್ತಾನೆ, ಮಕ್ಕಳನ್ನು ಅಟ್ಟಿಸಿಕೊಂಡು ಹೋಗುತ್ತಾನೆ. ಮಳಿಗೆಗೆ ವೇಷ ಹಾಕಿ ಬಂದ ಅಭಿಮಾನಿಯನ್ನೂ ಹಾಗೆ ಒಳಗೆ ಸೇರಿಸಿಕೊಳ್ಳಿ. ಆ ನಾಲ್ಕು ನಿಮಿಷಕ್ಕೆ ಅವನೇ ಆ ಪಾತ್ರ, ಬಂದವರನ್ನು ಓಣಿಯೊಳಗೆ ಕರೆದೊಯ್ಯುವವನೂ ಅವನೇ.

ಆ ಓಣಿಯಲ್ಲಿ ಕೇಳುವ ದನಿ ಕಲಬುರಗಿಯದಾಗಿರಲಿ. 2009ರಲ್ಲಿ ಚಿಂಟು ಟಿವಿ ಬಂದಾಗ ಮಕ್ಕಳಿಗೆ ಕಾರ್ಟೂನು ಕನ್ನಡದಲ್ಲಿ ಸಿಕ್ಕಿತು, ಆದರೆ ಅದು ನಮ್ಮ ಕಡೆಯ ಮಾತಿನಂತಿರಲಿಲ್ಲ. “ಹೆದರಬ್ಯಾಡ್ರಿ, ನನ್ನ ಹಿಂದ ಬರ್ರಿ” ಎಂದು ಮೆಚ್ಚಿನ ಪಾತ್ರ ಕತ್ತಲಲ್ಲಿ ಕರೆದರೆ ಯಾದಗಿರಿಯಿಂದ ಬಂದ ಹುಡುಗನಿಗೆ ಏನನಿಸುತ್ತದೆ ಎಂದು ಯೋಚಿಸಿ. ದಖ್ನಿ ಉರ್ದುವಿನಲ್ಲೂ ಒಂದು ದನಿ ಇರಲಿ, ಅಕ್ಕನ ಮಗನ ತರಗತಿಯ ಅರ್ಧ ಗೆಳೆಯರು ಮನೆಯಲ್ಲಿ ಮಾತಾಡುವುದು ಅದನ್ನೇ. ಪರದೆಯ ಬಾಡಿಗೆಗೆ ಎತ್ತಿಟ್ಟ ಹಣದಲ್ಲಿ ಎರಡು ಒಳ್ಳೆಯ ಮೈಕು, ನಾಲ್ಕು ಸ್ಪೀಕರ್, ಗಾಳಿಯಾಡಲು ಎರಡು ಎಕ್ಸಾಸ್ಟ್ ಫ್ಯಾನ್ ತರಲಿ. ದನಿ ಕೊಡಲು ಹುಡುಗ ಹುಡುಗಿಯರು ಆ ಕಾಲೇಜಿನಲ್ಲೇ ಇದ್ದಾರೆ.