ನೆಟ್ಟವನ ಮರಕ್ಕೆ ನೂರು ತಡೆ, ಹಡಗಿನ ದಿಮ್ಮಿಗೆ ತೆರೆದ ಬಾಗಿಲು

ಕೊಡಗಿನಲ್ಲಿ ಮನೆ ಕಟ್ಟುವವರು ಈಗ ಬಾಗಿಲಿಗೆ ಘಾನಾ ತೇಗ, ಕಿಟಕಿಗೆ ಮಲೇಷ್ಯಾ ಮರ ಎಂದು ಲೆಕ್ಕ ಹಾಕುತ್ತಾರೆ. ಸುತ್ತಲೂ ಮರವೇ ಇರುವ ಜಿಲ್ಲೆಗೆ ಸಮುದ್ರ ದಾಟಿ ಮರ ಬರಬೇಕಾದ ಸ್ಥಿತಿ ಹೇಗೆ ಬಂತು ಎಂದು ತಿಳಿಯಲು ನಮ್ಮ ಆಮದಿನ ಜೊತೆಗೆ ಚೀನಾದ ಆಮದನ್ನೂ ಇಟ್ಟು ನೋಡಬೇಕು.

1996ರ ಡಿಸೆಂಬರ್ 12ರಂದು ಕಾಡು ಉಳಿಸಲು ಹೂಡಿದ್ದ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸರ್ಕಾರ ಒಪ್ಪಿದ ಕಾರ್ಯಯೋಜನೆ ಇಲ್ಲದೆ ಕಾಡಿನ ಮರ ಕಡಿಯುವಂತಿಲ್ಲ ಎಂದಿತು. 1998ರಲ್ಲಿ ಯಾಂಗ್‌ಟ್ಸಿ ನದಿ ಉಕ್ಕಿ ಸಾವಿರಾರು ಜನ ಸತ್ತ ಮೇಲೆ ಚೀನಾ ಕೂಡ ನದಿಯ ಮೇಲ್ಭಾಗದ ನೈಸರ್ಗಿಕ ಕಾಡುಗಳಲ್ಲಿ ಕಡಿತಲೆ ನಿಷೇಧಿಸಿತು. ಎರಡೂ ಸರಿಯಾದ ತೀರ್ಮಾನಗಳು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಆದೇಶದಿಂದ ಕೊಡಲಿ ನಿಂತಿತೇ ಹೊರತು ಮರದ ಬೇಡಿಕೆ ನಿಲ್ಲಲಿಲ್ಲ.

ಚೀನಾ 1999ರಲ್ಲಿ ದಿಮ್ಮಿಗಳ ಮೇಲಿನ ಸುಂಕವನ್ನೇ ತೆಗೆದುಹಾಕಿತು. ಅಲ್ಲಿಯವರೆಗೆ ವರ್ಷಕ್ಕೆ ಸುಮಾರು 50 ಲಕ್ಷ ಘನ ಮೀಟರ್ ಇದ್ದ ದಿಮ್ಮಿ ಆಮದು, ಮೆದು ಮರವೂ ಸೇರಿ, 2014ರಲ್ಲಿ 5 ಕೋಟಿ ದಾಟಿತು. ಅದರಲ್ಲಿನ ಉಷ್ಣವಲಯದ ಗಟ್ಟಿಮರದ ದೊಡ್ಡ ಪಾಲು ಪಪುವಾ ನ್ಯೂಗಿನಿ, ಸೊಲೊಮನ್ ದ್ವೀಪಗಳಂಥ ಬಡ ನಾಡುಗಳದು. ಆ ಮರದಲ್ಲಿ ಬಹಳಷ್ಟು ಪ್ಲೈವುಡ್ಡಾಗಿ, ಪೀಠೋಪಕರಣವಾಗಿ ಅಮೆರಿಕ, ಯುರೋಪಿಗೆ ಹೋಯಿತು. ಚೀನಾ ತನ್ನ ಕಾಡು ಉಳಿಸಿಕೊಂಡಿತು, ಕಾರ್ಖಾನೆಯನ್ನೂ ಬೆಳೆಸಿತು. ಬೋಳಾದದ್ದು ಬೇರೆಯವರ ಗುಡ್ಡ.

ಭಾರತದ ಪ್ರಮಾಣ ಅಷ್ಟು ದೊಡ್ಡದಲ್ಲ, ದಾರಿಯೂ ಬೇರೆ. ನಾವು ತರಿಸಿದ ಗಟ್ಟಿಮರ ಬಹುತೇಕ ನಮ್ಮದೇ ಬಾಗಿಲು, ಮಂಚಗಳಿಗೆ ಸರಿಹೋಯಿತು. ಬರ್ಮಾ (ಈಗಿನ ಮ್ಯಾನ್ಮಾರ್) ಮತ್ತು ಮಲೇಷ್ಯಾದ ಸರವಾಕ್ ರಾಜ್ಯ ನಮ್ಮ ಎರಡು ದೊಡ್ಡ ಕಣಜಗಳಾಗಿದ್ದವು. 2014ರ ಏಪ್ರಿಲ್ 1ರಿಂದ ಮ್ಯಾನ್ಮಾರ್ ದಿಮ್ಮಿ ರಫ್ತು ನಿಲ್ಲಿಸಿದಾಗ ನಾವು ಈಕ್ವೆಡಾರ್, ಪನಾಮಾ, ಘಾನಾಗಳ ತೋಟದ ತೇಗದತ್ತ ತಿರುಗಿದೆವು. ಆ ದಿಮ್ಮಿಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಸಣ್ಣ ಸುತ್ತಳತೆ, ಅಂಚಿನಲ್ಲಿ ಅಗಲವಾದ ಬಿಳಿ ಪಟ್ಟೆ, ನಡುವೆ ಇನ್ನೂ ಬಲಿಯದ ಕೆಚ್ಚು. ಕೊಡವರ ಹಿರಿಯರ ಮನೆಯಾದ ಹಳೆಯ ಐನ್‌ಮನೆಯ ಕಂಬ ಮುಟ್ಟಿ ಬೆಳೆದ ಕೈಗೆ ಅದು ತೇಗ ಅನ್ನಿಸುವುದೇ ಇಲ್ಲ.

ಇತ್ತ ನಮ್ಮ ಕಾಫಿ ತೋಟಗಳಲ್ಲಿ ಏನಾಗಿದೆ ನೋಡಿ. ಬೀಟೆ, ಹೊನ್ನೆ, ನಂದಿ, ಮತ್ತಿಗಳಿದ್ದ ಜಾಗದಲ್ಲಿ ಸಿಲ್ವರ್ ಓಕ್ ಸಾಲು ಸಾಲಾಗಿ ನಿಂತಿದೆ. ಬೇಗ ಬೆಳೆಯುತ್ತದೆ, ನೇರ ಕಾಂಡಕ್ಕೆ ಮೆಣಸಿನ ಬಳ್ಳಿ ಸಲೀಸಾಗಿ ಹಬ್ಬುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಕಡಿದು ಮಾರುವುದು ಸುಲಭ. ಕಾಡುಮರ ಹಾಗಲ್ಲ. ಗದ್ದೆಗೆ ಸೇರಿದ ಕಾಡುಜಾಗವಾದ ಬಾಣೆಯಲ್ಲಿ, ಸರ್ಕಾರಕ್ಕೆ ಮರದ ಮೌಲ್ಯ ಕಟ್ಟಿರದಿದ್ದರೆ, ಬೀಟೆ ಸರ್ಕಾರದ್ದು. ಅಜ್ಜ ಕಾಪಾಡಿದ ಮರ ಮೊಮ್ಮಗನಿಗೆ ಆಸ್ತಿಯಲ್ಲ, ಕಾಗದಪತ್ರಗಳ ಹೊರೆ. ಹೀಗಿರುವಾಗ ತಾನಾಗಿ ಹುಟ್ಟಿದ ಬೀಟೆ ಸಸಿಯನ್ನು ಕಳೆಯ ಜೊತೆ ಸವರಿ ಹಾಕುವ ಬೆಳೆಗಾರನನ್ನು ದೂರಲು ನನಗೆ ಬಾಯಿ ಬರುವುದಿಲ್ಲ.

ಮೀಸಲು ಅರಣ್ಯದ ಒಂದು ಕೊಂಬೆಯನ್ನೂ ಮುಟ್ಟಬಾರದು, ಇದರಲ್ಲಿ ರಾಜಿಯಿಲ್ಲ. ಆದರೆ ತೋಟದ ನೆರಳಿನ ಮರ ಬೇರೆ. ಅದನ್ನು ಎಣಿಸಿ, ಗುರುತು ಹಾಕಿ, ಒಂದು ಕಡಿದರೆ ಅದೇ ಜಾತಿಯ ಐದು ನೆಡಬೇಕೆಂಬ ಕರಾರಿನ ಮೇಲೆ ಸಾಕಿದವನಿಗೇ ಹಕ್ಕು ಕೊಡಿ. ಬೀಟೆಗೆ ಬೆಲೆ ಸಿಗುತ್ತದೆ ಎಂದು ಗೊತ್ತಾದರೆ ಯಾರೂ ಅದರ ಸಸಿಗೆ ಕತ್ತಿ ಬೀಸುವುದಿಲ್ಲ. ನಮ್ಮ ಬಾಗಿಲಿಗೆ ನಮ್ಮದೇ ಮರ ಸಿಕ್ಕರೆ, ಸರವಾಕಿನ ಕಾಡಿನಿಂದ ನಾವು ತರಿಸುವ ದಿಮ್ಮಿಗಳಲ್ಲಿ ಒಂದಷ್ಟಾದರೂ ಅಲ್ಲೇ ಮರವಾಗಿ ಉಳಿಯುತ್ತವೆ.