ಪನೋರಮಿಕ್ ಟೂರ್ ಅಂತೆ!

ಈಗಷ್ಟೇ ವಾಟ್ಸಾಪಿಗೆ ಬಂದ ಒಂದು ಯುರೋಪ್ ಪ್ಯಾಕೇಜಿನ ಪಿಡಿಎಫ್ ನೋಡಿ ತಲೆ ಕೆಟ್ಟಿದೆ. ಹತ್ತು ದಿನ, ಏಳು ದೇಶ. ರೋಮಿನ ಪಾಲಿಗೆ ಬಂದಿದ್ದು ಒಂದೇ ಮಧ್ಯಾಹ್ನ: ‘ಪನೋರಮಿಕ್ ಸಿಟಿ ಟೂರ್, ನಂತರ ಇಂಡಿಯನ್ ಡಿನ್ನರ್’. ಪನೋರಮಿಕ್ ಅಂದ್ರೆ ಗೊತ್ತಲ್ಲ? ‘ಬಸ್ಸಿನಿಂದ ಇಳಿಸಲ್ಲ’ ಅನ್ನೋದನ್ನ ಮರ್ಯಾದೆಯಾಗಿ ಹೇಳೋ ರೀತಿ.

ರೋಮಿನ ವಿಷಯ ಬಂದ್ರೆ ನಾನು ಬಾಯಿ ಮುಚ್ಚಿಕೊಂಡಿರಲ್ಲ ಅಂತ ನಿಮಗೆಲ್ಲ ಗೊತ್ತಿರೋದೇ. ಸಹಿಸಿಕೊಳ್ಳಿ.

ಹಳೇ ರೋಮಿನ ನಡುಭಾಗವನ್ನ ಬಸ್ಸಿನಿಂದ ನೋಡೋ ಭಾಗ್ಯವೇ ಇಲ್ಲ ಸ್ವಾಮಿ. ಪ್ಯಾಂಥಿಯಾನ್ ಅನ್ನೋ ಪುರಾತನ ರೋಮನ್ ದೇಗುಲದ ಸುತ್ತ ಇರೋದು ಗಲ್ಲಿಗಳು. ಮೆಟ್ರೋ ಕೂಡ ಅಂಚಿಗೆ ಬಿಟ್ಟು ಹೋಗುತ್ತೆ. ಎ ಲೈನಿನ ಸ್ಪಾನ್ಯಾ ನಿಲ್ದಾಣದಲ್ಲಿ ಇಳಿದು, ಸ್ಪ್ಯಾನಿಷ್ ಸ್ಟೆಪ್ಸ್ ಅನ್ನೋ ದೊಡ್ಡ ಮೆಟ್ಟಿಲ ಸಾಲು, ಟ್ರೆವಿ ಕಾರಂಜಿ, ಪ್ಯಾಂಥಿಯಾನ್, ನವೋನಾ ಮತ್ತು ಕಾಂಪೋ ದೆ ಫಿಯೋರಿ ಚೌಕಗಳನ್ನ ದಾಟಿ ಕ್ಯಾಪಿಟೋಲಿನ್ ಗುಡ್ಡ ಮುಟ್ಟೋಕೆ ಹೆಚ್ಚುಕಡಿಮೆ ಮೂರೂವರೆ ಕಿಲೋಮೀಟರ್. ಅಷ್ಟೇ! ವಾಕಿಂಗ್ ಅಂತ ಪಾರ್ಕಿನಲ್ಲಿ ಅಷ್ಟೇ ದೂರ ಸುತ್ತೋರು, ಅಲ್ಲಿ ಹೋಗಿ ಗಾಜಿನ ಹಿಂದೆ ಕೂರ್ತಾರೆ.

ಹೊರಡೋದು ಬೆಳಿಗ್ಗೆ ಏಳರೊಳಗೆ. ಹತ್ತಕ್ಕೆ ಟ್ರೆವಿಗೆ ಹೋದ್ರೆ ಕಾಣೋದು ಕಾರಂಜಿಯಲ್ಲ, ಜನರ ಬೆನ್ನು. ಮೊದಲು ಸ್ಪ್ಯಾನಿಷ್ ಸ್ಟೆಪ್ಸ್ ಬುಡದ ‘ಬಾರ್ಕಾಚ್ಚಾ’ ನೋಡಿ, ಅರ್ಧ ಮುಳುಗಿದ ದೋಣಿಯಂಥ ಕಾರಂಜಿ. (ಮೆಟ್ಟಿಲ ಮೇಲೆ ಮಾತ್ರ ಕೂರಬೇಡಿ, 2019ರಿಂದ ದಂಡ ಹಾಕ್ತಾರೆ.) ಇಲ್ಲಿಗೆ ಬರೋ ನೀರಿಗೆ ಒತ್ತಡ ಕಡಿಮೆ, ಮೇಲೆ ಚಿಮ್ಮೋಕಾಗಲ್ಲ. ಅದಕ್ಕೇ ಶಿಲ್ಪಿ ಪಿಯೆತ್ರೋ ಬರ್ನಿನಿ ನೆಲಮಟ್ಟದಲ್ಲಿ ದೋಣಿ ಮಾಡಿ, ಅದರ ಬದಿಯಿಂದ ನೀರು ಸೋರೋ ಹಾಗೆ ಬಿಟ್ಟ. ಈ ನೀರು ಬರೋದು ಕ್ರಿ.ಪೂ. 19ರಲ್ಲಿ ರೋಮನ್ ಸೇನಾಪತಿ ಅಗ್ರಿಪ್ಪ ಕಟ್ಟಿಸಿದ ‘ಆಕ್ವಾ ವಿರ್ಗೋ’ ಕಾಲುವೆಯ ದಾರಿಯಲ್ಲಿ. ಹತ್ತು ನಿಮಿಷ ನಡೆದ್ರೆ ಸಿಗೋ ಟ್ರೆವಿಗೂ ಅದೇ ನೀರು. ಅಲ್ಲಿ ಜಾಗ ತಗ್ಗಿನಲ್ಲಿದೆ, ಹಾಗಾಗಿ ಆ ಅಬ್ಬರ. ಇನ್ನೂ ಹತ್ತು ನಿಮಿಷಕ್ಕೆ ಪ್ಯಾಂಥಿಯಾನ್, ತಲೆ ಎತ್ತಿದ್ರೆ ಮುಂಭಾಗದಲ್ಲಿ ಕೆತ್ತಿರೋ ಹೆಸರು ಅದೇ ಅಗ್ರಿಪ್ಪ! ಈ ಕೊಂಡಿ ಕಾಲಿಗೆ ಸಿಗುತ್ತೆ, ಬಸ್ಸಿನ ಮೈಕಿಗೆ ಸಿಗಲ್ಲ.

ಪ್ಯಾಂಥಿಯಾನಿನೊಳಗೆ ಎಲ್ಲರೂ ಮೇಲೆ ನೋಡ್ತಾರೆ. ನೋಡಲೇಬೇಕು, ಗುಮ್ಮಟದ ಅಗಲ 43.3 ಮೀಟರ್, ನೆಲದಿಂದ ಎತ್ತರವೂ ಅಷ್ಟೇ. ಆಮೇಲೆ ಕೆಳಗೂ ನೋಡಿ. ನೆತ್ತಿಯ ಕಂಡಿಗೆ ಗಾಜಿಲ್ಲ, ಮಳೆ ನೇರ ಒಳಗೇ ಸುರಿಯುತ್ತೆ. ನೆಲ ನಡುವೆ ಸ್ವಲ್ಪ ಉಬ್ಬಿದೆ, ಅಮೃತಶಿಲೆಯಲ್ಲಿ ಸಣ್ಣ ಸಣ್ಣ ತೂತುಗಳಿವೆ, ನೀರು ಅವುಗಳಲ್ಲಿ ಇಳಿದುಹೋಗುತ್ತೆ.

ಅಲ್ಲಿಂದ ಮೂರು ನಿಮಿಷಕ್ಕೆ ಸಾನ್ ಲುಯಿಜಿ ದೇಯಿ ಫ್ರಾಂಚೇಸಿ ಚರ್ಚು. ಎಡಗಡೆ ಕೊನೆಯ ಚಾಪೆಲಿನಲ್ಲಿ, ಅಂದ್ರೆ ಪಕ್ಕದ ಸಣ್ಣ ಪೂಜಾಸ್ಥಳದಲ್ಲಿ, ಚಿತ್ರಕಾರ ಕರವಾಜ್ಜೋನ ಮೂರು ಚಿತ್ರಗಳು, ಪ್ರವೇಶ ಉಚಿತ. ಕತ್ತಲೆ ಅಂತ ಬೈಕೊಂಡು ವಾಪಸ್ ಬರಬೇಡಿ. ಪಕ್ಕದ ಡಬ್ಬಿಗೆ ನಾಣ್ಯ ಹಾಕಿದ್ರೆ ದೀಪ ಹತ್ತುತ್ತೆ, ಸ್ವಲ್ಪ ಹೊತ್ತಿಗೆ ಆರುತ್ತೆ. ಚಿಲ್ಲರೆ ಇಟ್ಟುಕೊಂಡಿರಿ. ಇಲ್ಲೇ ಜನ ಎಡವೋದು: ಇಂಥ ಚರ್ಚುಗಳು ಮಧ್ಯಾಹ್ನ ಬಾಗಿಲು ಹಾಕ್ತಾವೆ. ಭುಜ, ಮಂಡಿ ಮುಚ್ಚೋ ಬಟ್ಟೆಯೂ ಬೇಕು. ಪನೋರಮಿಕ್ ಮಹಾಶಯರು ಬರೋ ಹೊತ್ತಿಗೆ ಸರಿಯಾಗಿ ಬೀಗ.

‘ವಯಸ್ಸಾದವರು, ಮಂಡಿನೋವಿನವರು ಏನ್ ಮಾಡ್ಬೇಕು?’ ಅಂತ ಕಾಮೆಂಟ್ ಬರುತ್ತೆ, ಗೊತ್ತು. ಕೊನೆಯ ಗುಡ್ಡ ಬಿಟ್ರೆ ದಾರಿ ಬಹುತೇಕ ಸಮತಟ್ಟು. ಕಾಲು ಕೈಕೊಡೋದು ದೂರಕ್ಕಲ್ಲ, ಕಲ್ಲಿಗೆ. ‘ಸಾಂಪಿಯೆತ್ರೀನಿ’ ಅನ್ನೋ ಕಪ್ಪು ಕಲ್ಲುಗಳನ್ನ ಮರಳಿನ ಮೇಲೆ ಕೂರಿಸಿರ್ತಾರೆ. ವಾಹನ ಓಡಾಡಿ ಅಲುಗಾಡಿ ಸಂದು ಬಿಡ್ತಾವೆ, ಮಳೆ ಬಂದ್ರೆ ಜಾರ್ತಾವೆ. ದಪ್ಪ ರಬ್ಬರ್ ಅಡಿಯ ಶೂ, ಅದೂ ಹೊಸದಲ್ಲ, ಎರಡು ವಾರ ಹಾಕಿ ಪಳಗಿಸಿದ್ದು ಬೇಕು. ಸುಸ್ತಾದ್ರೆ ಚರ್ಚಿನೊಳಗೆ ಬೆಂಚಿದೆ, ತಂಪಿದೆ, ದುಡ್ಡಿಲ್ಲ. ಏಳು ದೇಶಕ್ಕೆ ಬಸ್ ಹತ್ತಿ ಇಳಿಯೋ ಮಂಡಿಗೆ ಇದೊಂದು ಭಾರವಾ?

ಮತ್ತೆ ನೀರು! ಬಿಸಿಲಲ್ಲಿ ಬಾಟಲಿಗೆ ಯೂರೋ ಎಣಿಸೋರನ್ನ ಕಂಡ್ರೆ ಹೊಟ್ಟೆ ಉರಿಯುತ್ತೆ. ಪಕ್ಕದಲ್ಲೇ ‘ನಾಸೋನೆ’ ಇರುತ್ತೆ, ಅಂದ್ರೆ ದೊಡ್ಡ ಮೂಗು. ಸೊಂಟದೆತ್ತರದ ಎರಕದ ಕಬ್ಬಿಣದ ಕಂಬ, ಕೆಳಗೆ ಬಾಗಿದ ನಳಿಕೆ, ಸದಾ ಹರಿಯೋ ಕುಡಿಯೋ ನೀರು. ಬಗ್ಗಿ ಬಾಯಿ ಒಡ್ಡಬೇಡಿ. ನಳಿಕೆಯ ತುದಿಯನ್ನ ಬೆರಳಲ್ಲಿ ಒತ್ತಿ ಮುಚ್ಚಿ, ಮೇಲಿನ ಸಣ್ಣ ತೂತಿನಿಂದ ನೀರು ಕಮಾನಾಗಿ ನೇರ ಬಾಯಿಗೆ ಚಿಮ್ಮುತ್ತೆ. ನಗರದಲ್ಲಿ ಇಂಥವು ಸುಮಾರು 2,500 ಇವೆ.

ಕಾಫಿ ನಿಂತು ಕುಡೀರಿ. ಮೇಜಿಗೆ ಕೂತ್ರೆ ಬೆಲೆ ಏರುತ್ತೆ. ಎಷ್ಟೋ ಕಡೆ ಮೊದಲು ಕ್ಯಾಶ್ ಕೌಂಟರಿನಲ್ಲಿ ದುಡ್ಡು ಕೊಟ್ಟು, ಚೀಟಿ ತಂದು ಕಾಫಿ ಕೌಂಟರಿನಲ್ಲಿ ತೋರಿಸಬೇಕು. ದರ್ಶಿನಿಯಲ್ಲಿ ಬೆಳೆದ ನಮಗೆ ಇದನ್ನೂ ಹೇಳಿಕೊಡಬೇಕಾ? ಸಸ್ಯಾಹಾರಿಗಳು ಎಚ್ಚರ: ‘ಸುಪ್ಲೀ’ ಅನ್ನೋ ಅಕ್ಕಿಯ ಉಂಡೆಯಲ್ಲಿ ಸಾಮಾನ್ಯವಾಗಿ ಮಾಂಸದ ಸಾರು ಇರುತ್ತೆ. ಪೆಕೊರೀನೋ ರೊಮಾನೋ ಚೀಸಿಗೆ ಹಾಲು ಒಡೆಸೋದು ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಕಟ್ಟುನಿಟ್ಟಿನವರು ಪಿತ್ಸಾ ಬಿಯಾಂಕಾ ಅಥವಾ ರೊಸ್ಸಾ ಕೇಳಿ. ಒಂದರಲ್ಲಿ ಎಣ್ಣೆ, ಉಪ್ಪು, ಇನ್ನೊಂದರಲ್ಲಿ ಟೊಮ್ಯಾಟೊ. ತೂಕಕ್ಕೆ ಕೊಡ್ತಾರೆ, ಎಷ್ಟಗಲ ಬೇಕು ಅಂತ ಕೈಯಲ್ಲಿ ತೋರಿಸಿದ್ರೆ ಸಾಕು.

ಸಂಜೆಗೆ ಕ್ಯಾಪಿಟೋಲಿನ್ ಹತ್ತಿ, ಮೈಕೆಲ್ಯಾಂಜೆಲೊ ವಿನ್ಯಾಸ ಮಾಡಿದ ಚೌಕದಲ್ಲೇ ನಿಂತುಬಿಡಬೇಡಿ. ನಗರಸಭೆಯ ಕಟ್ಟಡದ ಪಕ್ಕದಿಂದ ಹಿಂದಕ್ಕೆ ಹೋಗಿ. ಕೆಳಗೆ ಇಡೀ ಫೋರಂ, ಅಂದ್ರೆ ಹಳೇ ರೋಮಿನ ಮುಖ್ಯ ಚೌಕದ ಅವಶೇಷ, ಹರಡಿದೆ, ದೂರದಲ್ಲಿ ಕೊಲೋಸಿಯಂ. ಟಿಕೆಟ್ಟಿಲ್ಲ, ಕ್ಯೂ ಇಲ್ಲ. ಆ ಹೊತ್ತಿಗೆ ಪ್ಯಾಕೇಜಿನವರು ಇಂಡಿಯನ್ ಡಿನ್ನರಿನಲ್ಲಿ ಪನೀರ್ ಬಟರ್ ಮಸಾಲಾ ತಿಂತಿರ್ತಾರೆ.