ಒಂದು ಕಿಲೋ ಕುನ್ನಿಗೆ ‘ನಾಳೆ ನೋಡೋಣ ತಗೋ’ ನಡೆಯೋದಿಲ್ಲ

ಜುಲೈನಲ್ಲಿ ರಜೆಗೆಂದು ಧಾರವಾಡಕ್ಕೆ ಬಂದಿದ್ದೆ. ಜಿಟಿಜಿಟಿ ಮಳೆ. ಮಾಳಮಡ್ಡಿಯ ಮನೆಯ ಬಾಗಿಲು ತೆಗೆದರೆ ಹತ್ತಿಯ ಉಂಡೆಯಂಥದ್ದೊಂದು ಬಂದು ಕಾಲಿಗೆ ತೊಡರಿತು. ತಂಗಿ ತಂದ ಕುನ್ನಿ. ಹೆಸರೂ ಉಂಡಿಯೇ. ಮಾರಿದವನು ಪಾಮೇರಿಯನ್ ಅಂದಿದ್ದನಂತೆ. ನಮ್ಮ ಕಡೆ ಬಿಳಿ ಕೂದಲು, ಚೂಪು ಮೂತಿ ಇದ್ದರೆ ಎಲ್ಲವೂ ಪಾಮೇರಿಯನ್ನೇ. ಅವುಗಳಲ್ಲಿ ಬಹಳಷ್ಟು ಇಂಡಿಯನ್ ಸ್ಪಿಟ್ಜ್. ಇರಲಿ. ಎರಡೂವರೆ ತಿಂಗಳ ಉಂಡಿಯನ್ನು ಒಂದೇ ಅಂಗೈಯಲ್ಲಿ ಎತ್ತಬಹುದಿತ್ತು.

ಮೂರನೇ ದಿನ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಮದುವೆ. ಬೆಳಿಗ್ಗೆ ಏಳಕ್ಕೆ ಉಂಡಿಗೆ ಒಂದಿಷ್ಟು ಹಾಲು-ಚಪಾತಿ ಹಾಕಿ ಎಲ್ಲರೂ ಚಿಗರಿ ಬಸ್ ಹತ್ತಿದೆವು. ಬಟ್ಟಲಲ್ಲಿ ಇನ್ನಷ್ಟು ಇಟ್ಟಿದ್ದೆವು, ಅದು ಮುಟ್ಟಿರಲಿಲ್ಲ. ನಾವು ಮನೆಗೆ ಬಂದಾಗ ಸಂಜೆ ಐದು. ಉಂಡಿ ಬಾಗಿಲಿಗೆ ಬರಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಗೋಣಿತಾಟಿನ ಮೇಲೆ ಮಲಗಿತ್ತು. ಎಬ್ಬಿಸಿದರೆ ಎರಡು ಹೆಜ್ಜೆ ಇಟ್ಟು, ಕುಡಿದವರ ಹಾಗೆ ತೂರಾಡಿ ಕೂತುಬಿಟ್ಟಿತು. ಕಿವಿ ತಣ್ಣಗಿದ್ದವು.

"ದೃಷ್ಟಿ ಆಗೇದ" ಅಂತ ಅವ್ವ ಉಪ್ಪು, ಮೆಣಸಿನಕಾಯಿ ತರಲು ಎದ್ದಳು. "ನಿದ್ದಿಗಣ್ಣಾಗ ಅದ, ನಾಳೆ ನೋಡೋಣ ತಗೋ" ಅಂದಳು ತಂಗಿ. ನಾನು ಅವ್ವನಿಗೆ, "ಉಪ್ಪು ಆಮ್ಯಾಲೆ ತರುವಂತಿ, ಮೊದಲ ಒಂದು ಚಮಚ ಸಕ್ರಿ ನೀರಾಗ ಕಲಿಸಿ ಕೊಡು" ಅಂದೆ. ಆ ಗಟ್ಟಿ ಸಕ್ಕರೆ ನೀರನ್ನು ಬೆರಳಿಗೆ ಹಚ್ಚಿಕೊಂಡು ಉಂಡಿಯ ಒಸಡಿಗೆ, ತುಟಿಯ ಒಳಭಾಗಕ್ಕೆ ಸವರಿದೆ. ಬಾಯಿಗೆ ಸುರಿಯಬಾರದು. ಅರೆಪ್ರಜ್ಞೆಯಲ್ಲಿರುವ ಮರಿಗೆ ಸುರಿದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಹಳೇ ಶಾಲು ಸುತ್ತಿ ಮಡಿಲಲ್ಲಿಟ್ಟುಕೊಂಡೆ. ಹತ್ತು-ಹದಿನೈದು ನಿಮಿಷಕ್ಕೆ ತಲೆ ಎತ್ತಿತು. ನನ್ನ ಬೆರಳು ನೆಕ್ಕತೊಡಗಿತು. ಅವ್ವ ದೃಷ್ಟಿ ತೆಗೆಯುವುದನ್ನೂ ಬಿಡಲಿಲ್ಲ ಅನ್ನಿ.

ಆಮೇಲೆ ಸ್ಕೂಟರ್ ಮೇಲೆ ಡಾಕ್ಟರ ಬಳಿಗೆ. ಚೇತರಿಸಿಕೊಂಡಂತೆ ಕಂಡರೂ ಹೋಗಲೇಬೇಕು. ಸಕ್ಕರೆ ನೀರಿನ ಬಲ ಸ್ವಲ್ಪ ಹೊತ್ತಿನದು, ಮತ್ತೆ ಇಳಿಯಬಹುದು.

"ದಿನಕ್ಕ ಎಷ್ಟು ಸಲ ಹಾಕ್ತೀರಿ?"

"ಎರಡು ಸಲ ರೀ, ಮುಂಜಾನೆ ಮತ್ತ ರಾತ್ರಿ."

ಡಾಕ್ಟರು ಕನ್ನಡಕದ ಮೇಲಿಂದ ತಂಗಿಯನ್ನು ನೋಡಿದರು. "ಇದೇನು ಮುಧೋಳ ನಾಯಿ ಏನ್ರೀ?"

ಆ ಪ್ರಶ್ನೆಯಲ್ಲೇ ನನ್ನ ಮಾತೆಲ್ಲ ಇದೆ. ನಮ್ಮ ಕಡೆ ನಾಯಿ ಅಂದರೆ ಹೊಲ ಕಾಯುವ ನಾಯಿ, ಓಣಿ ನಾಯಿ, ಬಹಳ ಆದರೆ ಮುಧೋಳ. ಗಟ್ಟಿ ಜೀವಗಳು. ಒಂದು ದಿನ ಉಪವಾಸ ಬೀಳುತ್ತವೆ, ಎಲ್ಲೋ ಹೋಗಿ ಹುಲ್ಲು ತಿಂದು ವಾಂತಿ ಮಾಡಿ ಮರುದಿನ ಓಡಾಡುತ್ತವೆ. ನಾಯಿ ಬಗ್ಗೆ ನಮಗಿರುವ ತಿಳಿವಳಿಕೆಯೆಲ್ಲ ಇಪ್ಪತ್ತು ಕಿಲೋ ನಾಯಿಯಿಂದ ಬಂದದ್ದು. ಒಂದು ಕಿಲೋ ಕುನ್ನಿಗೆ ಅದನ್ನೇ ಹಚ್ಚುತ್ತೇವೆ. ಇಷ್ಟು ಪುಟ್ಟ ಮರಿಯ ಲಿವರ್‌ನಲ್ಲಿ ಕೂಡಿಟ್ಟ ಸಕ್ಕರೆ ಅಷ್ಟಕ್ಕಷ್ಟೇ, ಮೈಯಲ್ಲಿ ಕೊಬ್ಬೂ ಇಲ್ಲ. ಏಳೆಂಟು ಗಂಟೆ ಹೊಟ್ಟೆ ಖಾಲಿ ಇದ್ದರೆ ರಕ್ತದ ಸಕ್ಕರೆ ಇಳಿದು ತೂರಾಟ, ನಡುಕ, ಕೊನೆಗೆ ಫಿಟ್ಸ್. ಅದಕ್ಕೇ ದಿನಕ್ಕೆ ನಾಲ್ಕು ಸಲ, ಸ್ವಲ್ಪ ಸ್ವಲ್ಪ. ದೊಡ್ಡ ನಾಯಿಗೆ ದಿನಗಳಲ್ಲಿ ಎಣಿಸುವುದನ್ನು ಇದಕ್ಕೆ ಗಂಟೆಗಳಲ್ಲಿ ಎಣಿಸಬೇಕು. ಊಟ ಬಿಟ್ಟ ಮರಿ ಜೊತೆಗೆ ಮಂಕಾಗಿದ್ದರೆ, ಎರಡು ಸಲ ವಾಂತಿ ಆಗಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ಅವತ್ತೇ ಹೋಗಬೇಕು. ಅದರಲ್ಲೂ ಲಸಿಕೆ ಪೂರ್ತಿ ಆಗಿರದ ಮರಿಯಲ್ಲಿ ರಕ್ತಭೇದಿ ಅಂದರೆ ಪಾರ್ವೊ ಅನ್ನುವ ಮಾರಕ ವೈರಸ್ ರೋಗ ಇರಬಹುದು. ಅದಕ್ಕೆ ‘ನಾಳೆ’ ಅನ್ನೋದೇ ಇಲ್ಲ.

ಸಕ್ಕರೆ ನೀರಿನ ವಿಷಯ ನನಗೇನು ಹುಟ್ಟಿನಿಂದ ಗೊತ್ತಿರಲಿಲ್ಲ. ನಾನಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ, ಹನ್ನೊಂದು ವರ್ಷವಾಯಿತು. ಅಲ್ಲಿ ನಮ್ಮದೊಂದು ಶಿಹ್ ಟ್ಜು ತಳಿಯ ಪುಟ್ಟ ನಾಯಿ ಇದೆ. ಹೆಸರು ಪುಟಾಣಿ. ಅಲ್ಲಿನ ಪಶು ದವಾಖಾನೆಯ ನರ್ಸ್ ‘ಪೂಟನಿ’ ಅಂತ ಕರೆದರೆ ಪೂತನಿ ಅಂದಂತೆ ಕೇಳಿಸಿ ನನ್ನ ಹೆಂಡತಿ ಪ್ರತಿ ಸಲ ನಗುತ್ತಾಳೆ. ಪುಟಾಣಿಯನ್ನು ಮೊದಲ ಸಲ ತೋರಿಸಲು ಹೋದಾಗಲೇ ಆ ನರ್ಸ್ ಅದನ್ನು ತಕ್ಕಡಿಯಲ್ಲಿಟ್ಟು, ತೂಕ ಬರೆದು, ಒಂದು ಹಾಳೆ ಕೈಗಿತ್ತಿದ್ದಳು. ಯಾವಾಗ ಕಾಯಬಹುದು, ಯಾವಾಗ ಫೋನ್ ಮಾಡಬೇಕು, ಯಾವಾಗ ಓಡಬೇಕು ಎಲ್ಲ ಅದರಲ್ಲಿತ್ತು. ಇವತ್ತಿಗೂ ಫ್ರಿಜ್ ಮೇಲೆ ಅಂಟಿಕೊಂಡಿದೆ. ಅಲ್ಲಿನ ಪದ್ಧತಿಯಲ್ಲಿ ನನಗೆ ಬಹಳ ಹಿಡಿಸಿದ್ದು ಅದು: ಮರಿ ಆರಾಮಾಗಿ ಇರುವಾಗಲೇ ಅದರ ಆರಾಮು ಹೇಗಿರುತ್ತದೆ ಅಂತ ಬರೆದಿಡುವುದು.

ಹಾಗಂತ ಇಂಗ್ಲೆಂಡೇ ಸರಿ ಅಂತ ಹೇಳುತ್ತಿಲ್ಲ. ಒಂದು ರಾತ್ರಿ ಎರಡು ಗಂಟೆಗೆ ಪುಟಾಣಿ ಎದ್ದು ಕತ್ತು ಮುಂದೆ ಚಾಚಿ, ಮೊಣಕೈ ಹೊರಗೆ ಮಾಡಿ, ಗೊರ್ ಗೊರ್ ಅಂತ ಮೂಗಿನಿಂದ ಉಸಿರು ಎಳೆಯತೊಡಗಿತು. ಸತ್ತೇಹೋಯಿತು ಅಂದುಕೊಂಡೆವು. ಇಂಟರ್ನೆಟ್ ನೋಡಿದರೆ ಇನ್ನೂ ಭಯ. ತುರ್ತು ದವಾಖಾನೆಗೆ ಕಾರು ಓಡಿಸಿದೆವು. ಅಲ್ಲಿ ಮುಟ್ಟುವ ಹೊತ್ತಿಗೆ ಅದು ಬಾಲ ಅಲ್ಲಾಡಿಸುತ್ತ ಸ್ವಾಗತದ ಹುಡುಗಿಯ ಕೈ ನೆಕ್ಕುತ್ತಿತ್ತು. ಅದು ರಿವರ್ಸ್ ಸ್ನೀಜ್, ಉಲ್ಟಾ ಸೀನು. ಸಣ್ಣ ತಳಿಗಳಲ್ಲಿ, ಮೊಂಡು ಮೂಗಿನವುಗಳಲ್ಲಿ ಸಾಮಾನ್ಯ. ಗಂಟಲನ್ನು ಮೆಲ್ಲಗೆ ಸವರಿದರೆ ಸಾಮಾನ್ಯವಾಗಿ ಒಂದು ನಿಮಿಷದಲ್ಲಿ ನಿಲ್ಲುತ್ತದೆ. ಡಾಕ್ಟರು "ಮುಂದಿನ ಸಲ ವಿಡಿಯೋ ಮಾಡಿಕೊಳ್ಳಿ" ಅಂದರು. ಬಿಲ್ಲು 200 ಪೌಂಡ್ ದಾಟಿತ್ತು. ನಾಯಿಗೆ ವಿಮೆ ಇದ್ದರೂ ಮೊದಲಿನ ಒಂದಿಷ್ಟು ನಾವೇ ಕಟ್ಟಬೇಕು. ಹೀಗಾಗಿ ಅಲ್ಲಿ ಎರಡು ಥರದ ಜನ: ಸೀನಿದರೂ ಓಡುವವರು, ಬಿಲ್ಲಿಗೆ ಹೆದರಿ ಓಡಬೇಕಾದಾಗಲೂ ಓಡದವರು. ನಾನು ಎರಡೂ ಆಗಿದ್ದೇನೆ.

ವಿಡಿಯೋ ಮಾಡಿಕೊಳ್ಳಿ ಅನ್ನೋ ಮಾತು ಮಾತ್ರ ಚಿನ್ನದಂಥದ್ದು. ಕೆಮ್ಮಲಿ, ಕುಂಟಲಿ, ನಡುಗಲಿ, ಡಾಕ್ಟರ ಮುಂದೆ ನಿಲ್ಲಿಸಿದ ಕೂಡಲೇ ನಾಯಿ ಆರಾಮಾಗಿಬಿಡುತ್ತದೆ. ಉಲ್ಟಾ ಸೀನಿಗೂ ಶ್ವಾಸನಾಳ ಕುಗ್ಗಿ ಬರುವ ಕೆಮ್ಮಿಗೂ ಇರುವ ವ್ಯತ್ಯಾಸ ಮಾತಲ್ಲಿ ಹೇಳುವುದು ಕಷ್ಟ, ವಿಡಿಯೋದಲ್ಲಿ ತಕ್ಷಣ ಗೊತ್ತಾಗುತ್ತದೆ. ಎರಡನೆಯದು ಬಾತುಕೋಳಿ ಕೂಗಿದಂತೆ ಕೇಳಿಸುತ್ತದೆ, ಹೆಚ್ಚಾಗಿ ಕೊರಳಪಟ್ಟಿ ಜಗ್ಗಿದಾಗ. ಉಂಡಿಯ ಕೊರಳಿಗೆ ತಂಗಿ ಗೆಜ್ಜೆ ಪಟ್ಟಿ ಕಟ್ಟಿ ಅದಕ್ಕೇ ಹಗ್ಗ ಹಾಕಿದ್ದಳು. ಗೆಜ್ಜೆ ಇರಲಿ, ಹಗ್ಗವನ್ನು ಎದೆಗೆ ಹಾಕುವ ಹಾರ್ನೆಸ್‌ಗೆ ಕಟ್ಟು ಅಂದೆ.

ಇನ್ನು ಧಾರವಾಡದಲ್ಲಿರುವ, ರೆಡಿಂಗ್‌ನಲ್ಲಿ ದುಡ್ಡು ಕೊಟ್ಟರೂ ಸಿಗದ ಒಂದು ವಸ್ತು ಇದೆ. ಅದು ಪಕ್ಕದ ಮನೆ ಕಾಕು. ಕಾಂಪೌಂಡ್ ಆಚೆಯಿಂದ, "ಏ ತಮ್ಮಾ, ನಿನ್ನೆಯಿಂದ ಅದು ಎಡಗಿವಿ ಒಂದs ಕೆರಕೋತದ ನೋಡು" ಅಂದರು. ಮನೆಯಲ್ಲಿ ನಾಲ್ಕು ಜನ ಇದ್ದೆವು, ಒಬ್ಬರೂ ಗಮನಿಸಿರಲಿಲ್ಲ. ಕಿವಿ ಮಡಚಿ ನೋಡಿದರೆ ಒಳಗೆ ಜೋಳದ ಕಾಳಿನಷ್ಟು ಉಣ್ಣಿ. ಮಳೆಗಾಲ, ಹಿತ್ತಲಲ್ಲಿ ಹುಲ್ಲು, ಉಣ್ಣಿಗೆ ಇನ್ನೇನು ಬೇಕು? "ಚಿಮಣಿ ಎಣ್ಣಿ ಹಚ್ಚು" ಅಂದದ್ದೂ ಅದೇ ಕಾಕು. ಅದೊಂದು ಬೇಡ. ಸೀಮೆಎಣ್ಣೆ ಚರ್ಮ ಸುಡುತ್ತದೆ, ನೆಕ್ಕಿಕೊಂಡರೆ ವಿಷ. ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆದು ತೆಗೆದೆ. ಉಣ್ಣಿಯ ಔಷಧ ಮಾತ್ರ ತೂಕ ನೋಡಿ ಡಾಕ್ಟರೇ ಕೊಡಬೇಕು. ದೊಡ್ಡ ನಾಯಿಯದ್ದನ್ನು ತಂದು ಅಂದಾಜಿನಲ್ಲಿ ಅರ್ಧ ಹಾಕುವುದು ತಪ್ಪು.

ಇಲ್ಲೇ ನನ್ನ ಇಂಗ್ಲಿಷ್ ಹಾಳೆ ಕೈಕೊಟ್ಟದ್ದು. ಅದರಲ್ಲಿ ಉಣ್ಣಿ ಜ್ವರದ ಬಗ್ಗೆ ಅರ್ಧ ಸಾಲು. ನಮ್ಮ ಕಡೆ ಎರ್ಲಿಕಿಯಾ, ಬೆಬಿಸಿಯಾ ಅನ್ನುವ ರೋಗಗಳೆರಡೂ ಉಣ್ಣಿಯಿಂದ ಬರುತ್ತವೆ, ನಾಯಿಯ ರಕ್ತಕಣಗಳನ್ನೇ ಹಾಳು ಮಾಡುತ್ತವೆ. ರೇಬಿಸ್ ಲಸಿಕೆ ಆ ಹಾಳೆಯ ಪಟ್ಟಿಯಲ್ಲೇ ಇಲ್ಲ, ಆ ದೇಶದ ನಾಯಿಗಳಲ್ಲಿ ರೇಬಿಸ್ ಇಲ್ಲವಲ್ಲ. ನಮ್ಮಲ್ಲಿ ಮರಿಗೆ ಮೂರು ತಿಂಗಳು ತುಂಬಿದ ಕೂಡಲೇ ಅದು ಆಗಲೇಬೇಕು, ಆಮೇಲೆ ವರ್ಷವರ್ಷವೂ. ಹೊರಗಿದ್ದು ಊರಿನವರಿಗೆ ಫೋನಿನಲ್ಲಿ ಬುದ್ಧಿ ಹೇಳುವ ನನ್ನಂಥವರು ಇದನ್ನು ನೆನಪಿಡಬೇಕು. ಇಲ್ಲಿನ ಮರಿಯ ಲಸಿಕೆಯನ್ನು ಇಲ್ಲಿನ ಡಾಕ್ಟರೇ ಹೇಳಬೇಕು.

ಆ ಡಾಕ್ಟರು ಭಾನುವಾರ ತಾವಾಗಿಯೇ ಸ್ಕೂಟರ್ ಮೇಲೆ ಮನೆಗೆ ಬಂದರು. ರೆಡಿಂಗ್‌ನಲ್ಲಿ ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಯಂತ್ರ ಗಿಂತ್ರ ಏನೂ ಇಲ್ಲ. ಉಂಡಿಯ ತುಟಿ ಎತ್ತಿ ಒಸಡು ತೋರಿಸಿದರು. ತಿಳಿ ಗುಲಾಬಿ ಬಣ್ಣ. ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. ಬೆಳ್ಳಗಾಗಿ, ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ. "ಹಿಂಗಿದ್ರ ಆರಾಮ. ಸುಣ್ಣದಂಗ ಬಿಳಿ ಇತ್ತಂದ್ರ ನನಗ ಫೋನ್ ಮಾಡಬ್ಯಾಡ್ರಿ, ನೆಟ್ಟಗ ಕರಕೊಂಡು ಬರ್ರಿ." ಆಮೇಲೆ ಹೆಗಲ ಮೇಲಿನ ಚರ್ಮ ಚಿವುಟಿ ಎತ್ತಿ ಬಿಟ್ಟರು. ಪಟ್ಟನೆ ಕೂತಿತು. ನಿಧಾನಕ್ಕೆ ಕೂತರೆ ಮೈಯಲ್ಲಿ ನೀರು ಕಡಿಮೆ ಅಂತ ಅರ್ಥ. ತಂಗಿಯ ಕೈಯಿಂದಲೇ ಎರಡೂ ಮಾಡಿಸಿದರು. ರೆಡಿಂಗ್‌ನ ಹಾಳೆಯಲ್ಲಿ ಇವೆರಡೂ ಚಿತ್ರಸಮೇತ ಇವೆ. ನನ್ನ ಬೆರಳು ಹಿಡಿದು ಅಲ್ಲಿ ಯಾರೂ ಕಲಿಸಿರಲಿಲ್ಲ.

ಊಟದ ವಿಷಯದಲ್ಲಿ ಧಾರವಾಡಕ್ಕೆ ನಾನು ಕಡಿಮೆ ಅಂಕ ಕೊಡುತ್ತೇನೆ, ಬೇಜಾರಾದರೂ ಸರಿ. ಬಂದವರೆಲ್ಲ ಪ್ರೀತಿಯಿಂದ ಏನಾದರೂ ಹಾಕುವವರೇ. ಲೈನ್ ಬಜಾರಿನ ಪೇಢೆ ಒಂದು ಚೂರು, ಗಿರಮಿಟ್ ಒಂದು ಮುಷ್ಟಿ, ಶಿರಾದಲ್ಲಿನ ಒಣದ್ರಾಕ್ಷಿ. ಒಣದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸಬಹುದು. ಗಿರಮಿಟ್‌ನಲ್ಲಿನ ಉಳ್ಳಾಗಡ್ಡಿ ರಕ್ತಕಣ ಒಡೆಯುತ್ತದೆ. ಒಂದು ಕಿಲೋ ಮೈಗೆ ‘ಒಂದು ಚೂರು’ ಅಂದರೇ ಜಾಸ್ತಿ. ಆಕಳ ಹಾಲು ವಿಷವಲ್ಲ, ಆದರೆ ತಾಯಿ ಹಾಲು ಬಿಟ್ಟ ಮರಿಗಳಲ್ಲಿ ಬಹಳಷ್ಟಕ್ಕೆ ಅದು ಜೀರ್ಣವಾಗದೆ ಭೇದಿಯಾಗುತ್ತದೆ. ಉಂಡಿಯ ತೆಳು ಕಕ್ಕಸಿಗೆ ಅರ್ಧ ಕಾರಣ ಅದೇ ಆಗಿತ್ತು. ಇನ್ನರ್ಧ ಹುಳ. ಹುಳದ ಔಷಧಿಯೂ ತೂಕದ ಲೆಕ್ಕದ್ದೇ.

ಮಾರಾಟದ ಬಗ್ಗೆ ಒಂದು ಮಾತು. ಇಂಗ್ಲೆಂಡಿನಲ್ಲಿ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಅಷ್ಟರೊಳಗೆ ಮೈಕ್ರೋಚಿಪ್ ಬೇರೆ ಹಾಕಿಸಿರಬೇಕು. ನಮ್ಮಲ್ಲೂ 2017ರಿಂದ ಎಂಟು ವಾರದ ನಿಯಮ ಇದೆ, ಎಷ್ಟು ಜನರಿಗೆ ಗೊತ್ತು? ಉಂಡಿ ನಮ್ಮ ಮನೆಗೆ ಬಂದಾಗ ಅದಕ್ಕೆ ಮೂವತ್ತೈದು ದಿನ. ಅರ್ಧ ತೊಂದರೆ ಅಲ್ಲಿಂದಲೇ ಶುರು.

ನಾನು ರೆಡಿಂಗ್‌ಗೆ ವಾಪಸ್ ಬಂದ ಮೇಲೆ ಒಂದು ರಾತ್ರಿ ತಂಗಿಯ ಫೋನ್. "ಅಣ್ಣಾ, ಉಂಡಿಗೆ ಜ್ವರ ಬಂದದ. ನೂರಾ ಒಂದೂವರಿ! ಅರ್ಧ ಗುಳಿಗಿ ಕೊಡಲೇನು?"

"ಇನ್ನೂ ಕೊಟ್ಟಿಲ್ಲಲ್ಲ?"

ಕೊಟ್ಟಿರಲಿಲ್ಲ, ಸದ್ಯ. ನಾಯಿಯ ಮೈ ನಮಗಿಂತ ಬಿಸಿ. 101ರಿಂದ 102.5 ಫ್ಯಾರನ್‌ಹೀಟ್ ಅದರ ಸಹಜ ಉಷ್ಣತೆ. 98.6 ಬಂದರೆ ನಮಗೆ ಆರಾಮ, ಮರಿಗೆ ಅದು ಮೈ ತಣ್ಣಗಾದ ಲಕ್ಷಣ. ಮೂಗು ಒಣಗಿದೆಯೋ ಒದ್ದೆಯಿದೆಯೋ ಅನ್ನುವುದರಿಂದ ಜ್ವರ ಗೊತ್ತಾಗುವುದಿಲ್ಲ. ಥರ್ಮಾಮೀಟರಿನ ತುದಿಗೆ ಕೊಬ್ಬರಿ ಎಣ್ಣೆ ಹಚ್ಚಿ ಹಿಂದಿನಿಂದಲೇ ನೋಡಬೇಕು. ತಂಗಿ ಅದನ್ನು ಸರಿಯಾಗಿಯೇ ಮಾಡಿದ್ದಳು, ಓದಿಕೊಂಡದ್ದು ಮನುಷ್ಯರ ಲೆಕ್ಕದಲ್ಲಿ. ಮನುಷ್ಯರ ಜ್ವರದ, ನೋವಿನ ಗುಳಿಗೆಗಳು ಇಂಥ ಮರಿಗೆ ಬೇಡವೇ ಬೇಡ. ಐಬುಪ್ರೊಫೆನ್ ಅಂತೂ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿಗೂ ಹೊಡೆಯುತ್ತದೆ.

ಈಗ ತಂಗಿ ಒಂದು ಎರಡುನೂರು ಪುಟದ ನೋಟ್‌ಬುಕ್ ಇಟ್ಟಿದ್ದಾಳೆ. ಎಷ್ಟು ತಿಂದಿತು, ಕಕ್ಕಸು ಹೇಗಿತ್ತು, ಒಸಡಿನ ಬಣ್ಣ, ತೂಕ. ಮನೆಯಲ್ಲಿ ತಕ್ಕಡಿ ಇಲ್ಲ. ಹಾಗಾಗಿ ಪ್ರತಿ ಭಾನುವಾರ ಉಂಡಿ ಓಣಿಯ ಕಿರಾಣಿ ಅಂಗಡಿಗೆ ಹೋಗುತ್ತದೆ, ಬುಟ್ಟಿಯಲ್ಲಿ, ಬುಟ್ಟಿಯ ತೂಕ ಕಳೆದು. ನಾನಿದ್ದಾಗ 1 ಕಿಲೋ 120 ಗ್ರಾಂ ಇತ್ತು. ಅದರಲ್ಲಿ ನೂರು ಗ್ರಾಂ ಇಳಿದರೆ, ಅರವತ್ತು ಕಿಲೋ ಮನುಷ್ಯ ಐದು ಕಿಲೋ ಇಳಿದ ಹಾಗೆ. ಕಣ್ಣಿಗೆ ಕಾಣುವುದಿಲ್ಲ, ಅಷ್ಟು ಕೂದಲು ಇರುತ್ತದಲ್ಲ.

ಮೊನ್ನೆ ಭಾನುವಾರ ವಾಟ್ಸಾಪಿನಲ್ಲಿ ಫೋಟೊ ಬಂತು. ಹಿಂದೆ ಬೆಲ್ಲದ ಪೆಂಟೆ, ಮುಂದೆ ತಕ್ಕಡಿ, ಅದರ ಮೇಲೆ ಬುಟ್ಟಿ, ಬುಟ್ಟಿಯಿಂದ ಎರಡು ಕಿವಿ. 2 ಕಿಲೋ 310. ಜೊತೆಗೆ ಧ್ವನಿ ಸಂದೇಶ: "ಅಣ್ಣಾ, ಅಂಗಡಿ ಕಾಕಾ ಕೇಳ್ಲಿಕತ್ತಾರ, ಕಿಲೋಕ್ಕ ಎಷ್ಟು ಅಂತ!"